ಲಿಫ್ಟು ಹತ್ತದ ಒರಳುಕಲ್ಲು

ಬನಶಂಕರಿ 2ನೇ ಹಂತದ ಹಳೆಯ ಮನೆ ಖಾಲಿ ಮಾಡಿ ಜೆ.ಪಿ. ನಗರ 7ನೇ ಹಂತದ ಫ್ಲ್ಯಾಟಿಗೆ ಬಂದ ದಿನ ಎರಡು ಸಾಮಾನು ಎಲ್ಲಿಯೂ ಸೇರದೆ ಉಳಿದವು. ಒಂದು, ನಮ್ಮಮ್ಮನ ಕಾಲದ ಒರಳುಕಲ್ಲು. ಅದನ್ನು ಲಿಫ್ಟಿಗೆ ಉರುಳಿಸಲು ಹೊರಟಾಗ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದು, “ನೆಲ ಒಡೆದ್ರೆ ನನ್ನ ಕೇಳ್ತಾರೆ ಸಾರ್. ಅಸೋಸಿಯೇಷನ್‌ಗೆ ಲೆಟರ್ ಕೊಡಿ” ಎಂದ. ಇನ್ನೊಂದು, ಅಟ್ಟದ ಮೇಲೆ ಸಿಕ್ಕಿದ ನನ್ನ ಹಳೇ ಲ್ಯಾಪ್‌ಟಾಪು. ಅದಕ್ಕೆ ಲಿಫ್ಟಿನ ತಕರಾರು ಇರಲಿಲ್ಲ. ಆದರೆ ಆನ್ ಮಾಡಿದರೆ ವಿಂಡೋಸ್ ಏಳುವಷ್ಟರಲ್ಲಿ ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಡಬಹುದಿತ್ತು.

“ಎರಡನ್ನೂ ಗುಜರಿಗೆ ಹಾಕಿ” ಎಂದಳು ನನ್ನಾಕೆ. ಕಲ್ಲನ್ನು ಗುಜರಿಯವನು ಒಯ್ಯುವುದಿಲ್ಲ ಎಂದು ಗೊತ್ತಾದ ಮೇಲೆ ಲ್ಯಾಪ್‌ಟಾಪಿನ ಮೇಲೂ ನನಗೆ ಕರುಣೆ ಬಂತು. ಅದಕ್ಕೆ ಹೈಕು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ.

ಹೈಕುವಿನ ವಂಶಾವಳಿ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಆಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ 1990ರಲ್ಲಿ ಬಿ ಎಂಬ ಕಂಪನಿ ಕಟ್ಟಿದ. ಅದರ ಮಗಳು ಬಿಓಎಸ್. ಹುಡುಗಿ ಚುರುಕು, ಲಕ್ಷಣ. 1996ರಲ್ಲಿ ಆಪಲ್ ಕಡೆಯಿಂದಲೇ ಸಂಬಂಧ ಬಂತು. ಕೊಡುವುದು ತೆಗೆದುಕೊಳ್ಳುವುದರ ಮಾತಿನಲ್ಲಿ ಎಳೆದಾಟವಾಗಿ, ಗಂಡಿನ ಕಡೆಯವರು ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಮನೆಗೆ ತಾಂಬೂಲ ಕೊಟ್ಟುಬಿಟ್ಟರು. 2001ರಲ್ಲಿ ಬಿ ಕಂಪನಿಯ ಆಸ್ತಿ 1.1 ಕೋಟಿ ಡಾಲರಿಗೆ ಪಾಮ್ ಎಂಬ ಕಂಪನಿಯ ಪಾಲಾಯಿತು. ಹುಡುಗಿಯ ಅಭಿಮಾನಿಗಳು ಅಳುತ್ತ ಕೂರಲಿಲ್ಲ. ಅವಳಂಥವಳನ್ನೇ ನಾವು ಮೊದಲಿಂದ ಬರೆಯುತ್ತೇವೆ ಎಂದು ಅದೇ ವರ್ಷ ಬಿಟ್ಟಿ ದುಡಿಮೆಗೆ ಕೂತರು. 2004ರಲ್ಲಿ ಹೈಕು ಎಂದು ನಾಮಕರಣವಾಯಿತು. ಮೊದಲ ಬೀಟಾ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಹದಿನೇಳು ವರ್ಷವೇ ಎಂದು ಹೊರಗಿನವರು ಹುಬ್ಬೇರಿಸಬಹುದು. ಫ್ಲೈಓವರ್ ಕೆಳಗೆ ಆಯಸ್ಸು ಕಳೆದ ನಮಗೆ ಅದೇನು ಮಹಾ.

ಹೈಕು ಹಾಕಿದ ಮೇಲೆ ಲ್ಯಾಪ್‌ಟಾಪು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಕಿಟಕಿಗಳ ತಲೆಯ ಮೇಲೆ ಪುಟ್ಟ ಹಳದಿ ಪಟ್ಟಿ, ಅರಿಶಿನ ಹಚ್ಚಿದ ಹೊಸಿಲಿನ ಹಾಗೆ. ಆದರೆ ಹೊಸಿಲಿಗೆ ಅರಿಶಿನ ಹಚ್ಚಿದ ಮಾತ್ರಕ್ಕೆ ಮನೆಯಾಗುವುದಿಲ್ಲ, ಹಾಲು ಉಕ್ಕಬೇಕು. ನನ್ನ ಪ್ರಕಾರ ಕಂಪ್ಯೂಟರಿನಲ್ಲಿ ಹಾಲು ಉಕ್ಕುವುದೆಂದರೆ ಒಂದು ಅರ್ಜಿ ಬರೆಯಲು, ಒಂದು ಲೆಕ್ಕ ಇಡಲು ಆಗುವುದು. ಅಸೋಸಿಯೇಷನ್‌ಗೆ ಕೊಡಬೇಕಾದ ಲೆಟರ್ ಹೇಗೂ ಬಾಕಿಯಿತ್ತು. ಅದನ್ನು ಇದರಲ್ಲೇ ಬರೆಯುವುದು, ಅದಕ್ಕಾಗಿ ಲಿಬ್ರೆ ಆಫೀಸ್ ಎಂಬ ತಂತ್ರಾಂಶವನ್ನು ಇಲ್ಲಿಗೆ ನಾನೇ ಪೋರ್ಟ್ ಮಾಡುವುದು ಎಂದು ಸಂಕಲ್ಪ ಮಾಡಿದೆ.

“ಪೋರ್ಟ್ ಅಂದ್ರೆ?” ಎಂದಳು ಇವಳು.

“ಮನೆ ಶಿಫ್ಟ್ ಮಾಡೋದು.”

“ಇನ್ನೂ ಹನ್ನೊಂದು ಡಬ್ಬ ಬಿಚ್ಚೋದಿದೆ ರೀ.”

ಲಿಬ್ರೆ ಆಫೀಸ್ ಸಣ್ಣ ಸಂಸಾರವಲ್ಲ, ಕೂಡುಕುಟುಂಬ. 1985ರಲ್ಲಿ ಜರ್ಮನಿಯ ಲ್ಯೂನೆಬರ್ಗಿನಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಶುರು ಮಾಡಿದ ಅಂಗಡಿ ಅದು. 1999ರಲ್ಲಿ ಸನ್ ಕಂಪನಿ ಕೊಂಡುಕೊಂಡಿತು, ಮರುವರ್ಷ ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಮೂಲಸಂಕೇತವನ್ನು ಊರಿಗೆಲ್ಲ ತೆರೆದಿಟ್ಟಿತು. 2010ರಲ್ಲಿ ಸನ್ ಒರಾಕಲ್ ಕೈಗೆ ಹೋದಾಗ ಮನೆಯಲ್ಲಿ ಪಾಲಾಗಿ, ಸೆಪ್ಟೆಂಬರಿನಲ್ಲಿ ಲಿಬ್ರೆ ಆಫೀಸ್ ಬೇರೆ ಒಲೆ ಹೂಡಿತು. ಕುಟುಂಬ ಎಲ್ಲೆಲ್ಲಿ ಅಲೆದರೂ ಅಜ್ಜಿಯ ಗೊಣಗಾಟ ಮಾತ್ರ ಜೊತೆಗೇ ಬಂತು. ಕೋಡಿನ ಸಾಲುಗಳ ಮಧ್ಯೆ ಜರ್ಮನ್ ಭಾಷೆಯ ಟಿಪ್ಪಣಿಗಳು ಸಾವಿರಗಟ್ಟಲೆ ಉಳಿದಿದ್ದವು. ಅವನ್ನು ಇಂಗ್ಲಿಷಿಗೆ ತಿರುಗಿಸಲು ಸ್ವಯಂಸೇವಕರಿಗೆ ವರ್ಷಗಳೇ ಹಿಡಿದವು.

ಹೈಕುವಿನಲ್ಲಿ ಪೋರ್ಟ್ ಮಾಡುವವರು ಬರೆಯುವ ಕಡತಕ್ಕೆ ರೆಸಿಪಿ ಎಂದೇ ಹೆಸರು. ಮೂಲ ಎಲ್ಲಿಂದ ತರಬೇಕು, ಏನೇನು ಸಾಮಗ್ರಿ, ಹೇಗೆ ಬೇಯಿಸಬೇಕು, ಎಲ್ಲಿ ಬಡಿಸಬೇಕು, ಎಲ್ಲ ಅದರಲ್ಲಿ. ಬಿಸಿಬೇಳೆಭಾತ್‌ನಷ್ಟೇ ಸುಲಭ, ಅಂದರೆ ಸುಲಭವಲ್ಲ. ಭಾತಿಗೆ ಪುಡಿ ಬೇಕು, ಪುಡಿಗೆ ಮರಾಠಿ ಮೊಗ್ಗು ಬೇಕು, ಮರಾಠಿ ಮೊಗ್ಗಿಗೆ ಜಯನಗರ 4ನೇ ಬ್ಲಾಕಿಗೆ ಹೋಗಬೇಕು. ಇಲ್ಲಿಯೂ ಒಂದು ಲೈಬ್ರರಿ ತಂದರೆ ಅದು ಇನ್ನೆರಡನ್ನು ಕರೆದು ತಾ ಎನ್ನುತ್ತಿತ್ತು.

ಆಮೇಲೆ ವಿಳಾಸದ ಗೋಳು. ಯುನಿಕ್ಸ್ ಊರಿನ ಪ್ರೋಗ್ರಾಮುಗಳು ತಮ್ಮ ಸಾಮಾನನ್ನು ಯುಎಸ್ಆರ್ ಎಂಬ ಬೀದಿಯಲ್ಲಿ ಹುಡುಕುತ್ತವೆ. ಹೈಕುವಿನಲ್ಲಿ ಆ ಬೀದಿಯೇ ಇಲ್ಲ, ಎಲ್ಲವೂ ಬೂಟ್ ಎಂಬ ಬಡಾವಣೆಯೊಳಗೆ. ಜಯನಗರ 4ನೇ ಬ್ಲಾಕು, 4ನೇ ಟಿ ಬ್ಲಾಕು ಎರಡೂ ಒಂದೇ ಎಂದು ನಂಬಿ ಬಂದ ಕೊರಿಯರ್ ಹುಡುಗನಂತೆ ನನ್ನ ಪ್ರೋಗ್ರಾಮು ದಿಕ್ಕೆಟ್ಟು ನಿಂತಿತು.

ವಿಳಾಸ ತಿದ್ದಿ ಒಂದು ಕಡತವನ್ನು ಸಿಸ್ಟಂ ಫೋಲ್ಡರಿನಲ್ಲಿ ಇಡಲು ಹೋದರೆ ಅಲ್ಲಿ ಬರೆಯುವ ಹಾಗಿಲ್ಲ ಎಂದಿತು. ಹೈಕು ಪ್ಯಾಕೇಜುಗಳನ್ನು ಬಿಚ್ಚಿ ಹರಡುವುದಿಲ್ಲ, ಕಟ್ಟಿದ ಗಂಟನ್ನು ಹಾಗೆಯೇ ತೂಗುಹಾಕಿ ಒಳಗಿನದನ್ನು ತೋರಿಸುತ್ತದೆ. ಮುಟ್ಟುವಂತಿಲ್ಲ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದು ಅಂತಾರಲ್ಲ, ಹಾಗೆ. ಬಾಡಿಗೆದಾರನ ಸ್ವಂತ ಸಾಮಾನಿಗೆ ‘ನಾನ್ ಪ್ಯಾಕೇಜ್ಡ್’ ಎಂಬ ಅಟ್ಟ ಬಿಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಬಾಡಿಗೆ ಕಟ್ಟಿದ ನನಗೆ ಈ ಕರಾರು ಯಾರೂ ವಿವರಿಸಬೇಕಾಗಿರಲಿಲ್ಲ.

ಮೊದಲ ರಾತ್ರಿ ನಾಲ್ಕೂ ಒಲೆ ಹಚ್ಚಿದೆ, ಅಂದರೆ ಏಕಕಾಲಕ್ಕೆ ನಾಲ್ಕು ಕಂಪೈಲ್. 4 ಜಿಬಿ ಮೆಮೊರಿ ಉಸಿರುಗಟ್ಟಿ ನಿಂತಿತು. ಎರಡನೆಯ ರಾತ್ರಿ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ನನ್ನ ಸೊಂಟದ ಹಾಗೆ ಹೆಸರಿಗೆ ಮಾತ್ರ ಇತ್ತು. ಮೂರನೆಯ ರಾತ್ರಿ ಒಂದೇ ಒಲೆ, ಸಣ್ಣ ಉರಿ. ಪರದೆಯ ಮೇಲೆ ಅಕ್ಷರಗಳು ಉರುಳುತ್ತಲೇ ಇದ್ದವು. ಒರಳಿನ ಮುಂದೆ ಕೂತು ಇಡ್ಲಿಹಿಟ್ಟು ರುಬ್ಬುತ್ತಿದ್ದ ಅಮ್ಮ ನೆನಪಾದಳು. ನಡುನಡುವೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇನ್ನೂ ತರಿ ಇದೆ” ಎನ್ನುತ್ತಿದ್ದಳು.

ಭಾನುವಾರ ಬೆಳಗ್ಗೆ ಅಕ್ಕನ ಮಗ ಬಂದ. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಸಾಫ್ಟ್‌ವೇರ್ ಹುಡುಗ. ಹಳದಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಾಯಿಸಿ, ತಿಂಡಿಯ ಹೊತ್ತಿಗೆ ಸರಿಯಾಗಿ ಹಾಜರು. ಎರಡನೇ ದೋಸೆಯ ನಡುವೆ ನನ್ನ ಪರದೆ ಇಣುಕಿದ.

“ಮಾಮ, ಇದರಲ್ಲಿ ಹೈಕುಡಿಪೋ ಅಂತ ಒಂದು ಇದೆಯಲ್ಲ, ಅದರಲ್ಲಿ ಹುಡುಕಿದ್ರಾ?”

ಹುಡುಕಿರಲಿಲ್ಲ. ಎಡಗೈಯಲ್ಲಿ ಮೌಸ್ ಹಿಡಿದು ಹುಡುಕಿದ. ಲಿಬ್ರೆ ಆಫೀಸ್ ಅಲ್ಲಿತ್ತು. 2018ರಲ್ಲೇ ಹೈಕುವಿನ ಸ್ವಯಂಸೇವಕರು ಪೋರ್ಟ್ ಮಾಡಿ ಮುಗಿಸಿದ್ದರು, ಅದೂ ನನಗಿಂತ ಜಾಣತನದಿಂದ. ಲಿಬ್ರೆ ಆಫೀಸಿನ ಹೊರಮೈ ಕ್ಯೂಟಿ ಎಂಬ ಚೌಕಟ್ಟಿಗೂ ಒಗ್ಗುತ್ತದೆ, ಆ ಚೌಕಟ್ಟು ಹೈಕುವಿಗೆ ಮೊದಲೇ ಬಂದಿತ್ತು. ಇಡೀ ಬೀರುವನ್ನು ಹೊಸ ಬಾಗಿಲಿಗೆ ಕೆತ್ತುವ ಬದಲು ಇರುವ ಬಾಗಿಲಿನಿಂದಲೇ ಒಳಗೆ ತಂದಿದ್ದರು. ಹುಡುಗ ಒಂದು ಬಟನ್ ಒತ್ತಿದ. ಮೂರನೇ ದೋಸೆ ಮುಗಿಯುವಷ್ಟರಲ್ಲಿ ಇನ್‌ಸ್ಟಾಲ್ ಆಯಿತು. ನನ್ನ ಒಲೆಯನ್ನು ಸದ್ದಿಲ್ಲದೆ ಆರಿಸಿದೆ.

ಆದರೂ ನನ್ನ ಪಾಲಿನ ಕೆಲಸ ಸ್ವಲ್ಪ ಉಳಿದಿತ್ತು: ಕನ್ನಡ. ಹೈಕುವಿನಲ್ಲಿ ಕೀಲಿಮಣೆಯ ನಕ್ಷೆ ತೆರೆದು ಅಕ್ಷರವನ್ನು ಎಳೆದು ತಂದು ಕೀಲಿಯ ಮೇಲೆ ಬಿಡಬಹುದು, ಚೌಕಾಬಾರದ ಕಾಯಿ ನಡೆಸಿದ ಹಾಗೆ. ಕೆ.ಪಿ. ರಾವ್ ಅವರ ವಿನ್ಯಾಸ ನೆನಪು ಮಾಡಿಕೊಂಡು ‘ಕೆ’ ಕೀಲಿಗೆ ಕ, ‘ಎಫ್’ ಕೀಲಿಗೆ ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆ ಕೂರಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

‘ಒರಳುಕಲ್ಲು’ ಎಂದು ಬರೆದೆ. ಲಕಾರದ ಒತ್ತು ಮೂಲಾಕ್ಷರದ ಕಾಲಬುಡದಲ್ಲಿ ಅಚ್ಚುಕಟ್ಟಾಗಿ ಕೂತಿತು. ಇದು ಹಾರ್ಫ್‌ಬಜ್ ಎಂಬ ತಂತ್ರಾಂಶದ ಪುಣ್ಯ. ಅದರ ಹೆಸರು ಪಾರ್ಸಿ: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಜರ್ಮನ್ ಅಜ್ಜಿಯ ಮನೆಯಲ್ಲಿ, ಪಾರ್ಸಿ ಹೆಸರಿನ ಅಡಿಗೆಯವನ ಕೈಯಲ್ಲಿ, ಜಪಾನಿ ಹೆಸರಿನ ಒಲೆಯ ಮೇಲೆ, ಜೆ.ಪಿ. ನಗರದ ಒತ್ತಕ್ಷರ ಹದವಾಗಿ ಬೆಂದಿತು. ‘ಒರಳುಕಲ್ಲು’ ಎಂಬ ಹೆಸರಿನಲ್ಲೇ ಕಡತ ಉಳಿಸಿದಾಗ ಮಾತ್ರ ಹೊರಗಿನ ಐಕಾನಿನ ಕೆಳಗೆ ಒತ್ತು ತನ್ನ ಅಕ್ಷರದಿಂದ ಮುನಿಸಿಕೊಂಡು ಪಕ್ಕಕ್ಕೆ ಸರಿದು ನಿಂತಿತು. ಹೊಸ ಮನೆ, ಎಲ್ಲರಿಗೂ ಒಗ್ಗಲು ಸ್ವಲ್ಪ ದಿನ ಬೇಕು. ಕಡತದ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿ ಸುಮ್ಮನಾದೆ.

ಪಿಡಿಎಫ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅಸೋಸಿಯೇಷನ್ ಸೆಕ್ರೆಟರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, “ಇಷ್ಟಕ್ಕೆ ಲೆಟರ್ ಯಾಕೆ ಸಾರ್? ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಸಾಕಿತ್ತು” ಎಂದರು. ಕಲ್ಲು ಮೇಲೆ ಬರುವುದು ಬೇಡ, ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಇರಲಿ ಎಂದು ಸಹಿ ಹಾಕಿದರು.

ಸಂಜೆ ಹೋಗಿ ನೋಡಿದರೆ ಸೆಕ್ಯುರಿಟಿಯವನು ಒರಳಿನ ಮೇಲೆ ಹಲಗೆ ಹಾಕಿಕೊಂಡು, ಕೂತು ಚಹಾ ಕುಡಿಯುತ್ತಿದ್ದ.

“ನೀವು ಹೇಳೋ ಪೋರ್ಟು ಇದೇ ಅಲ್ವಾ?” ಎಂದಳು ಇವಳು.

“ಅಲ್ಲ, ಜಾಗ ಬದಲಾದ್ರೂ ಕೆಲಸ ಅದೇ ಇರಬೇಕು.”

ಮುಂದಿನ ಭಾನುವಾರ ಅವಳು ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಿಡಿದು ಕೆಳಗಿಳಿದಳು. ನಾನು ಹಿಂದೆ ನೀರಿನ ಚೊಂಬು. ಸೆಕ್ಯುರಿಟಿಯವನು ಹಲಗೆ ಎತ್ತಿಟ್ಟು ಜಾಗ ಬಿಟ್ಟ. ಎರಡು ಸುತ್ತು ತಿರುಗಿಸಿ, ಬೆರಳಲ್ಲಿ ತಿಕ್ಕಿ ನೋಡಿ ಅವಳೆಂದಳು: “ಇನ್ನೂ ತರಿ ಇದೆ.”