ಗೋಡಂಬಿ ಮೀಮಾಂಸೆ

ವಿಷಯ: 1970ರ ದಶಕದಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ರಿಚರ್ಡ್ ಥೇಲರ್ ಗೆಳೆಯರನ್ನು ಊಟಕ್ಕೆ ಕರೆದಿದ್ದರು. ಗೋಡಂಬಿಯ ಬಟ್ಟಲಿಗೆ ಹಾಕಿದ ಕೈಯನ್ನು ಯಾರೂ ತೆಗೆಯಲಿಲ್ಲ. ಊಟಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಯದೆಂದು ಥೇಲರ್ ಬಟ್ಟಲನ್ನು ಅಡುಗೆಮನೆಗೆ ಸಾಗಿಸಿದರು. ಅತಿಥಿಗಳು ಸಿಟ್ಟಾಗುವ ಬದಲು ಉಪಕಾರವಾಯಿತೆಂದರು. ಶಾಸ್ತ್ರಕ್ಕೆ ಅಪಚಾರವಾದದ್ದು ಇಲ್ಲಿಯೇ. ಇದ್ದ ಆಯ್ಕೆಯೊಂದನ್ನು ಕಿತ್ತುಕೊಂಡರೆ ಮನುಷ್ಯನ ಸುಖ ಹೆಚ್ಚಲಾರದು ಎಂಬುದು ಅರ್ಥಶಾಸ್ತ್ರದ ಮೂಲಸೂತ್ರ. ಬಂದವರೂ ಅರ್ಥಶಾಸ್ತ್ರಿಗಳೇ ಆದ್ದರಿಂದ, ಸಂತೋಷಪಟ್ಟಾದ ಮೇಲೆ ಸಂತೋಷಪಡುವ ಅಧಿಕಾರ ತಮಗಿದೆಯೇ ಎಂದು ಚರ್ಚೆಗೆ ಕೂತರು.

ಸಂಶಯ: ಗೋಡಂಬಿ ತಿಂದವನ ಬಯಕೆ ನಿಜವೋ, ಬಟ್ಟಲು ಹೋದದ್ದಕ್ಕೆ ಹಿಗ್ಗಿದವನದು ನಿಜವೋ? ಇಬ್ಬರೂ ಒಂದೇ ಅಂಗಿ ತೊಟ್ಟಿದ್ದಾರೆ.

ಪೂರ್ವಪಕ್ಷ: 1938ರಲ್ಲಿ ಪಾಲ್ ಸ್ಯಾಮುಯೆಲ್ಸನ್ ತೋರಿದ ದಾರಿ ಸರಳ. ಮನಸ್ಸಿನೊಳಗೆ ಇಣುಕಬೇಡಿ, ಕೈ ಯಾವುದನ್ನು ಎತ್ತಿಕೊಂಡಿತೆಂದು ನೋಡಿ. ಎತ್ತಿಕೊಂಡದ್ದೇ ಹಿತ ಎಂಬ ಉಪಸೂತ್ರ ಆಮೇಲೆ ಬಂದು ಸೇರಿತು. ಈ ಉಪಸೂತ್ರಕ್ಕೆ ತೊಡಕೆಂಬಂತೆ 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ ಲೆಕ್ಕ ಬಿಚ್ಚಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟಿದವರು ಸರಾಸರಿ 4.3 ಸಲ ಬಂದಿದ್ದರು. ಒಂದು ಸಲದ ಬೆವರಿಗೆ 17 ಡಾಲರ್‌ಗೂ ಹೆಚ್ಚು ಬಿದ್ದಿತ್ತು. ಹತ್ತು ಸಲದ ಪಾಸ್ ಕೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು. ಪೂರ್ವಪಕ್ಷಿಗೆ ಇದರಲ್ಲಿ ತೊಡಕೇ ಕಾಣದು: ಜಿಮ್‌ಗೆ ಹೋಗದಿರುವುದೂ ಒಂದು ಸುಖ, ಅದು ಸ್ವಲ್ಪ ದುಬಾರಿ.

ಉತ್ತರಪಕ್ಷ: ವರ್ತನಾ ಅರ್ಥಶಾಸ್ತ್ರಿಗಳು ಇದನ್ನು ಒಪ್ಪರು. ಕೈ ತಪ್ಪು ಮಾಡಬಹುದು, ಆದರೆ ಪ್ರತಿಯೊಬ್ಬರೊಳಗೂ ತಪ್ಪೇ ಮಾಡದ ವಿವೇಕಿಯೊಬ್ಬ ಇದ್ದಾನೆ, ಅವನ ಬಯಕೆ ಪೂರೈಸಿರಿ ಎಂಬುದು ಅವರ ವಾದದ ಒಳಹೂರಣ. ಬ್ರಿಟನ್ನಿನ ರಾಬರ್ಟ್ ಸಗ್ಡೆನ್ ಮತ್ತು ಸಂಗಡಿಗರು 2016ರಲ್ಲಿ ಈ ಒಳವಿವೇಕಿಯ ಇರವಿಗೆ ಪ್ರಮಾಣ ಕೇಳಿದರು. ಪ್ರತ್ಯಕ್ಷಕ್ಕೆ ಸಿಗದವನನ್ನು ಅನುಮಾನ ಪ್ರಮಾಣದಿಂದಲೇ ತಿಳಿಯಬೇಕು. ಅವನಿಗೆ ಹಣ್ಣು ಇಷ್ಟ, ಕೇಕ್ ಬೇಡ. ಪಿಂಚಣಿಗೆ ದುಡ್ಡು ಕೂಡಿಡುತ್ತಾನೆ. ಜಿಮ್ ತಪ್ಪಿಸುವುದಿಲ್ಲ. ಗುಣದಲ್ಲಿ ಅವನು ಪ್ರಬಂಧ ಬರೆದ ಪ್ರಾಧ್ಯಾಪಕರನ್ನೇ ಹೋಲುವುದು ಕೇವಲ ಕಾಕತಾಳೀಯ.

ಆಕ್ಷೇಪ: 1993ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಕೈಯನ್ನು 14 ಡಿಗ್ರಿಯ ನೀರಿನಲ್ಲಿ 60 ಸೆಕೆಂಡು ಮುಳುಗಿಸಿದರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು. ಆಗ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತಿತ್ತು. ಮೂರನೆಯ ಸರದಿಗೆ ಯಾವುದು ಬೇಕೆಂದರೆ ಶೇಕಡ 69 ಜನ ಉದ್ದನೆಯ ನೋವನ್ನೇ ಆರಿಸಿದರು. ಕೈಯನ್ನು ಕೇಳಿದರೆ ಬೇಡ, ನೆನಪನ್ನು ಕೇಳಿದರೆ ಬೇಕು. ಒಳವಿವೇಕಿ ಇವೆರಡರಲ್ಲಿ ಯಾವುದರ ಬಾಡಿಗೆದಾರನೆಂದು ಶಾಸ್ತ್ರ ಹೇಳದು.

ನಿರ್ಣಯ: ಡಗ್ಲಾಸ್ ಬರ್ನ್‌ಹೈಮ್ ಮತ್ತು ಆಂಟೋನಿಯೊ ರಾಂಗೆಲ್ 2009ರಲ್ಲಿ ಮಧ್ಯಸ್ಥಿಕೆ ವಹಿಸಿದರು. ಆಯ್ಕೆಗಳು ಒಂದಕ್ಕೊಂದು ತಿರುಗಿಬಿದ್ದಲ್ಲಿ ಯಾವುದು ಮೇಲೆಂಬ ತೀರ್ಪು ಬೇಡ, ತಿರುಗಿಬೀಳದಲ್ಲಿ ಮಾತ್ರ ಸಾಕು. ಈ ನಿಯಮದಲ್ಲಿ ದೋಷವಿಲ್ಲ: ಜಗಳವಿಲ್ಲದ ಮನೆಗೆ ಖಚಿತ ತೀರ್ಪು, ಜಗಳವಿದ್ದ ಮನೆಗೆ ಮೌನ.

ಅಷ್ಟರಲ್ಲಿ ಮೈಸೂರಿನಿಂದ ಹೊಸ ತಕರಾರು ಬಂತು. ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಲ್ಲಿನ ಡೇಟಾ ಎಂಟ್ರಿ ಕೆಲಸಗಾರರ ಮುಂದೆ ಒಂದು ಕರಾರು ಇಟ್ಟಿದ್ದರು. ದಿನದ ಗುರಿ ಮುಟ್ಟಿದರೆ ಮಾಮೂಲಿ ಕೂಲಿ, ಮುಟ್ಟದಿದ್ದರೆ ಅರ್ಧ. ಲಾಭ ಕಾಸಿನಷ್ಟೂ ಇಲ್ಲ. ಆದರೂ ಮೂರು ಸಲದಲ್ಲಿ ಒಂದು ಸಲಕ್ಕಿಂತ ಹೆಚ್ಚು, ಕೆಲಸಗಾರರು ತಾವಾಗಿ ಗುರಿ ಹಾಕಿಕೊಂಡರು. 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕೆಲಸವೂ ಹೆಚ್ಚಿತು. ಇದು ತಿದ್ದಬೇಕಾದ ತಪ್ಪೋ, ಮೆಚ್ಚಬೇಕಾದ ಜಾಣತನವೋ ಎಂದು ಕೇಳಲು ಒಳವಿವೇಕಿಗೆ ನೋಟಿಸ್ ಹೋಗಿದೆ. ವಿಳಾಸದಲ್ಲಿ ಯಾರೂ ಇಲ್ಲವೆಂಬ ಷರಾದೊಡನೆ ಅದು ವಾಪಸಾಗಿದೆ.