ಲಿಪಿಕಾರನ ಪಾಡು

ಚಳ್ಳಕೆರೆಯಲ್ಲಿ ಶೇಂಗಾ ಬೀಜವನ್ನು ಎರಡು ಬೆರಳ ನಡುವೆ ಹಿಸುಕಿ ಚೀಲಕ್ಕೆ ಎಷ್ಟು ಎಣ್ಣೆ ಬಿದ್ದೀತೆಂದು ಹೇಳಬಲ್ಲ ವರ್ತಕರಿದ್ದಾರೆ. ಕಂಬಳಿಯ ಅಂಚನ್ನೊಮ್ಮೆ ಸವರಿ ಅದರ ಉಣ್ಣೆಯ ಕುಲಗೋತ್ರವನ್ನು ವಿವರಿಸಬಲ್ಲ ವೃದ್ಧರಿದ್ದಾರೆ. ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ, ವಿಮಾನಗಳ ಪರೀಕ್ಷಾಕ್ಷೇತ್ರವೂ ಎದ್ದ ಮೇಲಂತೂ ಈ ಎಣ್ಣೆಯ ಊರಿಗೆ ವಿಜ್ಞಾನನಗರಿಯೆಂಬ ಬಿರುದೂ ಸಂದಿದೆ. 2023ರ ಏಪ್ರಿಲ್ 2ರ ಮುಂಜಾನೆ ಹೆಲಿಕಾಪ್ಟರೊಂದು 4.5 ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟ ಇಸ್ರೋದ ರೆಕ್ಕೆಯ ವಾಹನವು, ಒಳಗೆ ಚಾಲಕನೆಂಬ ಪ್ರಾಣಿಯಿಲ್ಲದೆ, ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಂಡು ಬಂದು ನಮ್ಮ ತಾಲ್ಲೂಕಿನ ರನ್‌ವೇಯ ಮೇಲೆ ಗೆರೆ ತಪ್ಪದೆ ಇಳಿಯಿತು. ಅಂತಹ ತಾಲ್ಲೂಕಿನ ಕೇಂದ್ರಸ್ಥಳದಲ್ಲಿ ವಾಸವಾಗಿರುವ ನಿವೃತ್ತ ಕನ್ನಡ ಅಧ್ಯಾಪಕನೊಬ್ಬನು ಸ್ವಗೃಹದಲ್ಲಿ, ಸ್ವಂತ ಗಣಕಯಂತ್ರದಲ್ಲಿ, ಸ್ವಭಾಷೆಯ ಒಂದು ಅಕ್ಷರವನ್ನು ಮೂಡಿಸಲು ಪಟ್ಟ ಪಾಡನ್ನು ಬರೆದರೆ ಊರಿನ ಕೀರ್ತಿಗೆ ಕುಂದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಇಂತಹ ಪಾಡಿಗೆ ನಮ್ಮ ಸೀಮೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನದೊಂದು ಪೂರ್ವನಿದರ್ಶನವುಂಟೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತೆಂದೂ, 11ನೆಯದನ್ನು ಧರಿಸಬೇಕಾದರೆ ಯಂತ್ರದ ಒಡಲಿನಲ್ಲಿ ಟಿಪಿಎಂ 2.0 ಎಂಬ ರಕ್ಷಾಮಣಿಯೊಂದು ಇರತಕ್ಕದ್ದೆಂದೂ, ನನ್ನ ಯಂತ್ರಕ್ಕೆ ಆ ಭಾಗ್ಯವಿಲ್ಲವೆಂದೂ ತಿಳಿದುಬಂದ ಹೊತ್ತಿನಲ್ಲಿಯೇ, ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನು ದೀಪಾವಳಿಗೆಂದು ಬಂದಿಳಿದನು. ಯಂತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, “ಮಾವ, ಮಷೀನು ಗಟ್ಟಿಮುಟ್ಟಾಗೈತೆ, ಗುಜರಿಗೆ ಯಾಕ್ ಹಾಕ್ತೀರ? ಲಿನಕ್ಸ್ ಹಾಕಿಕೊಡ್ತೀನಿ. ಒಂದು ರೂಪಾಯಿ ಖರ್ಚಿಲ್ಲ” ಎಂದನು. ಒಳಗಿನಿಂದ ನನ್ನವಳು, “ಪುಕ್ಸಟ್ಟೆ ಕೊಡೋರು ಬೇರೆ ಏನಾದ್ರೂ ಕೇಳ್ತಾರೆ, ವಿಚಾರಿಸ್ಕೊಳ್ರಿ” ಎಂದಳು. ಆ ಮಾತಿನ ಆಳ ಅಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಳಿಯನು ಪೆನ್‌ಡ್ರೈವನ್ನು ಸಿಕ್ಕಿಸಿ, ಕಾರ್ಯ ಸಾಗುತ್ತಿರುವಷ್ಟು ಹೊತ್ತೂ ಪುರಾಣಶ್ರವಣವನ್ನು ಮಾಡಿಸಿದನು. ತಂತ್ರಾಂಶವು ಸರ್ವರ ಸೊತ್ತಾಗಬೇಕೆಂದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ಮಹಾಶಯನು ಪಣತೊಟ್ಟನಂತೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಇದರ ತಿರುಳನ್ನು ಬರೆದು ಕೇಳಿದವರಿಗೆಲ್ಲ ಹಂಚಿದನಂತೆ. ಜಗತ್ತಿನ ಅತ್ಯಂತ ಬಲಿಷ್ಠವಾದ 500 ಸೂಪರ್ ಕಂಪ್ಯೂಟರುಗಳೂ ಈಗ ಇದರ ಮೇಲೆಯೇ ನಡೆಯುತ್ತವಂತೆ. ಅಷ್ಟೇಕೆ, ನನ್ನ ಜೇಬಿನ ಆಂಡ್ರಾಯ್ಡ್ ಫೋನಿನ ಗರ್ಭದಲ್ಲಿರುವುದೂ ಇದೇ ಅಂತೆ. ನನ್ನ ಯಂತ್ರಕ್ಕೆ ಅವನು ಆರಿಸಿದ ಪ್ರಭೇದದ ಹೆಸರು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತನು ತನ್ನ ಪ್ರೇಯಸಿ ಡೆಬ್ರಾಳ ಹೆಸರನ್ನು ಮೊದಲಿಗಿರಿಸಿ, ತನ್ನ ಹೆಸರನ್ನು ಅದರ ಬಾಲಕ್ಕೆ ಜೋಡಿಸಿ ಈ ನಾಮಕರಣವನ್ನು ಮಾಡಿದನೆಂಬ ವಿವರವು ಬಾಗಿಲ ಬಳಿ ನಿಂತಿದ್ದವಳ ಕಿವಿಗೆ ಬಿದ್ದುದೇ ತಡ, “ನೀವೂ ಇಷ್ಟು ವರ್ಷದಿಂದ ಬರೀತೀರಲ್ಲ” ಎಂದು ಅವಳು ಆರಂಭಿಸಿದಳು. ಉಳಿದ ಭಾಗವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇನ್ನು ಆ ‘ಕೇಳುವ’ ವಿಷಯ. ಹಿಂದಿನ ವ್ಯವಸ್ಥೆಯು ನಮ್ಮ ಶಾಲೆಯ ಹಳೆಯ ಜವಾನನಂತೆ ನನ್ನನ್ನು ಏನೊಂದನ್ನೂ ವಿಚಾರಿಸದೆ, ತನಗೆ ಸರಿತೋರಿದುದನ್ನು ತಂದು ಎದುರಿಗಿಟ್ಟು ಹೋಗುತ್ತಿತ್ತು. ನಾನು ಗೊಣಗುತ್ತಿದ್ದೆ, ಅದು ಕೇಳಿಸಿಕೊಳ್ಳುತ್ತಿರಲಿಲ್ಲ, ಉಭಯತರಿಗೂ ಸೌಖ್ಯವಾಗಿತ್ತು. ಈ ಹೊಸದಾದರೋ ನನ್ನ ಅಭಿಪ್ರಾಯವನ್ನು ಅಪೇಕ್ಷಿಸುತ್ತದೆ! ಡಿಸ್ಕನ್ನು ಎಷ್ಟು ಪಾಲು ಮಾಡಲಿ? ಯಾವ ಪಾಲಿಗೆ ಯಾವ ಪದ್ಧತಿ? ಪರದೆಗೆ ಗ್ನೋಮ್ ಆಗಬಹುದೋ, ಕೆಡಿಇಯೇ ಬೇಕೋ? ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಸಹ ಯಾರೂ ಕೇಳದಿರುವ ನನ್ನಂತಹವನಿಗೆ ಏಕಾಏಕಿ ಇಷ್ಟೊಂದು ಮನ್ನಣೆ ದೊರೆತರೆ ಜೀರ್ಣವಾಗುವುದು ಕಷ್ಟ. ಸಿ ಡ್ರೈವ್, ಡಿ ಡ್ರೈವ್ ಎಂಬ ಪರಿಚಿತ ಓಣಿಗಳೆಲ್ಲ ಅಳಿಸಿಹೋಗಿ, ಸಮಸ್ತವೂ ಒಂದು ಓರೆಗೆರೆಯಿಂದ ಕವಲೊಡೆಯತೊಡಗಿದುವು. ಒಂದೇ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ ಬರೆದರೆ ಒಂದು ಕಡತ, ಚಿಕ್ಕಕ್ಷರದಿಂದ ಬರೆದರೆ ಮತ್ತೊಂದು. ಅಳಿಯನನ್ನು ಕೇಳಿದೆ. ನಾಯಕನಹಟ್ಟಿಯ ಜಾತ್ರೆಗೆ ವರ್ಷವೂ ತಪ್ಪದೆ ಹೋಗುವ ಅವನು, “ತಿಪ್ಪೇರುದ್ರಸ್ವಾಮಿಗಳು ಹೇಳಿಲ್ವಾ ಮಾವ, ಮಾಡಿದಷ್ಟು ನೀಡು ಭಿಕ್ಷೆ ಅಂತ? ಇದೂ ಹಂಗೇನೇ” ಎಂದವನು, ಹಬ್ಬದ ಹೋಳಿಗೆಯನ್ನು ಕಟ್ಟಿಸಿಕೊಂಡು ಹಾಸ್ಟೆಲಿಗೆ ಹೊರಟುಹೋದನು.

ಅವನು ಅತ್ತ ಹೋದ ಮೇಲೆಯೇ, ಯಂತ್ರದಲ್ಲಿ ಎಲ್ಲವೂ ಇದೆ, ಕನ್ನಡ ಬರೆಯುವ ಸಾಧನವೊಂದಿಲ್ಲ ಎಂಬುದು ಕಂಡುಬಂದದ್ದು. ಫೋನಿನಲ್ಲಿಯೇ ಉಪದೇಶವಾಯಿತು: ಟರ್ಮಿನಲ್ಲೆಂಬ ಕಪ್ಪು ಕಿಟಕಿಯನ್ನು ತೆರೆಯುವುದು, ‘ಸುಡೊ’ ಎಂಬ ಮಂತ್ರದಿಂದ ಆರಂಭವಾಗುವ ಒಂದು ಸಾಲನ್ನು ಬರೆಯುವುದು, ಪಾಸ್‌ವರ್ಡ್ ಕೊಡುವುದು. ಸುಡೊ ಎಂದರೆ ಯಂತ್ರದ ಸಾರ್ವಭೌಮಾಧಿಕಾರವನ್ನು ಕ್ಷಣಕಾಲ ವಹಿಸಿಕೊಳ್ಳುವುದು. ಹಾಗೆ ಮೊದಲ ಸಲ ವಹಿಸಿಕೊಳ್ಳುವವನಿಗೆ ಅದು ಮೂರು ಬುದ್ಧಿವಾದಗಳನ್ನು ಹೇಳುತ್ತದೆ. ಪರರ ಗುಟ್ಟನ್ನು ಗೌರವಿಸು. ಕೀಲಿ ಒತ್ತುವ ಮುನ್ನ ಯೋಚಿಸು. ಅಧಿಕಾರ ಹಿರಿದಾದಷ್ಟೂ ಹೊಣೆಯೂ ಹಿರಿದು. ನಾನು ರೋಮಾಂಚಿತನಾದೆ. ಏಕೆಂದರೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ನಿಜವಾದ ಸಾರ್ವಭೌಮನೊಬ್ಬನು ಇದೇ ಧಾಟಿಯಲ್ಲಿ ಮೂರು ಮಾತನ್ನು ಕಂಡರಿಸಿದ್ದಾನೆ: ತಾಯಿತಂದೆಯರ ಮಾತನ್ನು ಕೇಳತಕ್ಕದ್ದು, ಪ್ರಾಣಿಗಳಲ್ಲಿ ದಯೆಯಿರತಕ್ಕದ್ದು, ಸತ್ಯವನ್ನು ನುಡಿಯತಕ್ಕದ್ದು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ಅಶೋಕನು ಮುಂದುವರಿದು ಹೇಳಿರುವುದನ್ನು, ನಾನು ಶಿಷ್ಯನೂ ಅಳಿಯನು ಆಚಾರ್ಯನೂ ಆಗಿದ್ದ ಆ ಸನ್ನಿವೇಶದಲ್ಲಿ, ಫೋನಿನಲ್ಲಿ ಪ್ರಸ್ತಾಪಿಸದಿರುವುದೇ ಕ್ಷೇಮವೆಂದು ತೋರಿತು.

ಆದರೆ ಪಾಸ್‌ವರ್ಡನ್ನು ಒತ್ತಿದರೆ ಪರದೆಯ ಮೇಲೆ ಚುಕ್ಕೆಯಿಲ್ಲ, ನಕ್ಷತ್ರವಿಲ್ಲ, ಮಿಣುಕುತ್ತಿದ್ದ ಗೆರೆ ನಿಂತಲ್ಲಿಂದ ಎಳ್ಳುಕಾಳಿನಷ್ಟೂ ಸರಿಯದು. ಕೀಲಿಮಣೆ ಸತ್ತಿತೆಂದು ಬಗೆದು ಇನ್ನಷ್ಟು ಬಲವಾಗಿ ಒತ್ತಿದೆ. ಅಡಿಗೆಮನೆಯಿಂದ, “ಯಾರ ಮ್ಯಾಲ್ರೀ ಸಿಟ್ಟು?” ಎಂಬ ಪ್ರಶ್ನೆ ಬಂದಿತು. “ಕಾಣಿಸಲ್ಲ ಮಾವ, ಆದ್ರೆ ಬೀಳ್ತೈತೆ. ಒತ್ತಿ ಎಂಟರ್ ಹೊಡೀರಿ” ಎಂದನು ಆಚಾರ್ಯ. ಕಾಣದಿರುವುದನ್ನು ನಂಬಿ ನಡೆಯಿರೆಂದು ನಮ್ಮ ದೇಶದ ದಾರ್ಶನಿಕರೆಲ್ಲ ಹೇಳಿಟ್ಟದ್ದುಂಟು. ಕೀಲಿಮಣೆಯ ಮುಂದೆ ಕುಳಿತಾಗಲೂ ಅದನ್ನೇ ಮಾಡಬೇಕೆಂದು ಅವರಲ್ಲಿ ಯಾರೂ ಎಚ್ಚರಿಸಿರಲಿಲ್ಲ. ನಂಬಿದೆ; ಒತ್ತಿದೆ; ಸಾಲುಗಳು ಧಾರಾಕಾರವಾಗಿ ಸುರಿದುವು. ಐಬಸ್ ಎಂಬುದೊಂದು ಬಂದಿತು, ಅದರೊಳಗೆ ನಾಡೋಜ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಬಂದಿತು, ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಎರಡು ಫಾಂಟುಗಳೂ ಕಾಸಿಲ್ಲದೆ ಹಾರಿಬಂದುವು. ಎ, ಕೆ, ಎಫ್, ಕೆ ಎಂದು ಒತ್ತಿದೊಡನೆ ‘ಅಕ್ಕ’ ಎಂದು ಮೂಡಿದಾಗ, ಎಂದಿನ ಬೆರಳಭ್ಯಾಸವೇ ಇಲ್ಲಿಯೂ ಸಲ್ಲುವುದನ್ನು ಕಂಡು, ಪರದೇಶದಲ್ಲಿ ನಮ್ಮೂರಿನವರು ಎದುರಾದಷ್ಟು ಆನಂದವಾಯಿತು.

ಆ ಆನಂದದಲ್ಲಿ ಹಳೆಯ ಕಡತವೊಂದನ್ನು ತೆರೆದೆ. ಲ್ಯಾಟಿನ್ ಅಕ್ಷರಗಳು ತಲೆಯ ಮೇಲೆ ಕೊಂಬು, ಕಿರೀಟ, ಬೊಟ್ಟುಗಳನ್ನು ಧರಿಸಿ ಪುಟದ ಉದ್ದಗಲಕ್ಕೂ ಕುಣಿಯುತ್ತಿದ್ದುವು. ಅದು ನಾನೇ ಬರೆದ ಗದ್ಯ. ಇದರ ಮರ್ಮವಿಷ್ಟೆ: ಗಣಕದಲ್ಲಿ ಕನ್ನಡಕ್ಕೆ ಸ್ವಂತದ ಪೀಠವಿನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದ ತಂತ್ರಾಂಶಗಳು ಲ್ಯಾಟಿನ್ ಅಕ್ಷರಗಳ ಪೀಠದ ಮೇಲೆಯೇ ನಮ್ಮ ಅಕ್ಷರದ ತುಣುಕುಗಳನ್ನು ಕೂರಿಸಿ, ನಾಡಿನ ಕಚೇರಿಗಳಿಗೂ ಪತ್ರಿಕೆಗಳಿಗೂ ನನ್ನಂತಹವರಿಗೂ ಉಪಕರಿಸಿದುವು, ಆ ಫಾಂಟು ಇರುವ ಕಡೆ ಅದು ಕನ್ನಡ, ಇಲ್ಲದ ಕಡೆ ಕೆಳಗಿನ ಪೀಠದವನೇ ಮುಖ ತೋರಿಸುತ್ತಾನೆ. ಯೂನಿಕೋಡೆಂಬ ಏರ್ಪಾಡು ಕನ್ನಡಕ್ಕೆ ಅದರದೇ ಸ್ಥಾನವನ್ನು ಕೊಟ್ಟದ್ದೂ ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಆದರೂ, ಅದು ಚಳ್ಳಕೆರೆಯ ನನ್ನ ಮೇಜಿಗೆ ತಲಪುವುದಕ್ಕೆ ಸಾಕಷ್ಟು ಕಾಲ ಹಿಡಿಯಿತು.

ಈಗ ಪೂರ್ವನಿದರ್ಶನ. ಬಿ.ಎಲ್. ರೈಸ್ ಅವರು 1892ರಲ್ಲಿ ಶೋಧಿಸಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಬರೆದವನ ಹೆಸರು ಚಪಡ. ಇಸಿಲದ ಮಹಾಮಾತ್ರರಿಗೆ ತಿಳಿಯಲೆಂದು ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ಕಟ್ಟಕಡೆಗೆ ತಾನು ಲಿಪಿಕಾರನೆಂಬ ಒಂದೇ ಒಂದು ಪದವನ್ನು ಈತನು ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಸಾಗುವ, ಖರೋಷ್ಠಿಯಲ್ಲಿ ಬರೆದುಬಿಟ್ಟಿದ್ದಾನೆ. ತವರಿನ ನೆನಪೋ, ವಿದ್ಯೆಯ ಬಿಂಕವೋ. ಅಂತೂ ಆ ಪದವನ್ನು ಓದಬಲ್ಲವರು ಅಂದಿನ ಮೊಳಕಾಲ್ಮುರು ಸೀಮೆಯಲ್ಲಿ ಎಷ್ಟು ಮಂದಿ ಇದ್ದಿರಬಹುದು? ಫಾಂಟಿಲ್ಲದ ಊರಿನಲ್ಲಿ ಕಡತ ತೆರೆದ ಮೊದಲಿಗನು ಅವನೇ ಎಂದು ನನ್ನ ಭಾವನೆ. ಆದರೆ ಯೂನಿಕೋಡಿನಲ್ಲಿ ಖರೋಷ್ಠಿಗೆ 2005ರಲ್ಲಿ, ಬ್ರಾಹ್ಮಿಗೆ 2010ರಲ್ಲಿ ಪೀಠ ದೊರೆತಿರುವುದರಿಂದ, ಇಂದು ಬಂದರೆ ಚಪಡನಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿಯೇನಿದ್ದರೂ ನನ್ನ ಲಗ್ನಪತ್ರಿಕೆಗೆ.

ಲಗ್ನಪತ್ರಿಕೆಯೆಂದರೆ ನನ್ನ ಭಾವಮೈದುನನ ಮಗಳದು. ಆತನು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯಿಸುವವನು. ಆ ಬಳಗದ ಲಗ್ನಪತ್ರಿಕೆಗಳ ಒಕ್ಕಣೆಯೆಲ್ಲ ಪರಂಪರಾಗತವಾಗಿ ನನ್ನದೇ, ಅವೆಲ್ಲ ಇದ್ದುದು ನುಡಿಯಲ್ಲಿಯೇ. ಪರಿವರ್ತಕವೊಂದನ್ನು ಅಳಿಯನು ಕಳುಹಿಸಿದನು. ಅದು ಕಿರೀಟಗಳನ್ನೆಲ್ಲ ಕಳಚಿ ಕನ್ನಡವನ್ನು ತಂದುಕೊಟ್ಟಿತಾದರೂ, ಅರ್ಕಾವೊತ್ತು ಎಲ್ಲಿ ಕೂರಬೇಕೆಂಬುದರಲ್ಲಿ ಅದಕ್ಕೆ ಸ್ವಂತದ ಅಭಿಪ್ರಾಯವಿತ್ತು. ಮುಹೂರ್ತವು ‘ಮುಹೂತರ್’ ಆಯಿತು, ಧರ್ಮಪತ್ನಿ ‘ಧಮರ್ಪತ್ನಿ’ಯಾದಳು, ವಧೂವರರನ್ನು ಬಂಧುಮಿತ್ರರು ‘ಆಶೀವರ್ದಿಸ’ಬೇಕೆಂದು ಪ್ರಾರ್ಥಿಸಲಾಗಿತ್ತು, ಜಿಲ್ಲೆಯ ಹೆಸರು ‘ಚಿತ್ರದುಗರ್’ ಎಂದು ನಿಂತು ನನ್ನನ್ನು ನೋಡಿ ಗುರುಗುಟ್ಟುತ್ತಿತ್ತು. ಜೀವಮಾನವೆಲ್ಲ ಮಕ್ಕಳ ಒತ್ತಕ್ಷರ ತಿದ್ದಿದ ಕೈಗೆ ಈ ಕೆಲಸ ಹೊಸತಲ್ಲ. ಒಂದೊಂದನ್ನೂ ಸ್ವಸ್ಥಾನಕ್ಕೆ ಕೂರಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಬಳ್ಳಾರಿ ರಸ್ತೆಯ ಬಸ್ಸು ಹತ್ತಿದೆ. ವೆಂಕಣ್ಣಯ್ಯನವರ, ತ.ರಾ.ಸು. ಅವರ ತಳುಕಿನ ಮೇಲೆ ಹಾಯ್ದಾಗ, ತಾವು ಬರೆದುದು ಎಲ್ಲಿ ತೆರೆದುಕೊಂಡೀತು, ಎಲ್ಲಿ ಇಲ್ಲವೆಂಬ ಚಿಂತೆಯೇ ಇಲ್ಲದೆ ಪುಟ ತುಂಬಿಸಿದ ಆ ಹಿರಿಯರ ವಿಷಯದಲ್ಲಿ ಕೊಂಚ ಅಸೂಯೆಯೂ ಆಯಿತು.

ಮೊಳಕಾಲ್ಮುರಿನ ಡಿಟಿಪಿ ಅಂಗಡಿಯ ಹುಡುಗನು ಪೆನ್‌ಡ್ರೈವನ್ನು ಸಿಕ್ಕಿಸಿ, ನೋಡಿ, ಕತ್ತು ಕೆರೆದುಕೊಂಡನು.

“ಸಾರ್, ಇದು ಯೂನಿಕೋಡು. ಪೇಜ್‌ಮೇಕರ್‌ನಾಗೆ ಬರಲ್ಲ. ನುಡಿಯಾಗೆ ಇದ್ರೆ ಕೊಡ್ರಿ.”

ನಾನು ಪೀಠಗಳ ಇತಿಹಾಸವನ್ನು ಸಾದ್ಯಂತವಾಗಿ ಹೇಳಲು ಬಾಯಿ ತೆರೆಯುತ್ತಿದ್ದಂತೆಯೇ ಭಾವಮೈದುನನು ನಡುವೆ ಬಂದು, “ಭಾವ, ಮೂರು ಗಂಟೆಗೆ ಪ್ರೆಸ್ಸಿಗೆ ಕೊಡಬೇಕು. ಒಂದು ಹಾಳೆ ಮ್ಯಾಲೆ ಬರೆದುಬಿಡ್ರಿ” ಎಂದು ಸೀರೆಯ ರಸೀದಿ ಪುಸ್ತಕದಿಂದ ಹಾಳೆಯೊಂದನ್ನು ಹರಿದು ಮುಂದಿಟ್ಟನು. ಬರೆದುಕೊಟ್ಟೆ. ಹುಡುಗನು ಅದನ್ನು ಪರದೆಗೆ ಆನಿಸಿ ನಿಲ್ಲಿಸಿಕೊಂಡು, ನಾನು ಬಿಟ್ಟು ಬಂದಿದ್ದ ಅದೇ ನುಡಿಯಲ್ಲಿ, ಕೀಲಿಮಣೆಯನ್ನು ನೋಡದೆಯೇ ಪಟಪಟನೆ ಹೊಡೆದು ಮುಗಿಸಿದನು. ಅರ್ಕಾವೊತ್ತುಗಳೆಲ್ಲ ಇದ್ದಲ್ಲಿಯೇ ಇದ್ದುವು.

“ಅಕ್ಷರ ಮುತ್ತಿನಂಗೈತೆ ಸಾರ್, ಮೊದಲೇ ಹಿಂಗೆ ತಂದಿದ್ರೆ ಬೆಳಿಗ್ಗೇನೇ ಮುಗೀತಿತ್ತು” ಎಂದವನು, ಲೆಕ್ಕದ ಚೀಟಿಯನ್ನು ಭಾವಮೈದುನನ ಕೈಗೆ ಕೊಡುತ್ತ, “ಟೈಪಿಂಗ್ ಚಾರ್ಜು ಬೇರೆ ಹಾಕೀನಿ” ಎಂದನು.