ಹೂವಿನ ಹಡಗಲಿಗೆ ಎರಡು ಟಿಕೆಟ್

ಫೈಲಿನ ಹೆಸರಾಗಿ ಹಗರಿಬೊಮ್ಮನಹಳ್ಳಿ ಎಷ್ಟೇ ಉದ್ದವಿರಲಿ, ಟೈಪಿಸಿದ ಆಜ್ಞೆಗಳನ್ನು ಓದುವ ಕಂಪ್ಯೂಟರಿನ ಶೆಲ್‌ಗೆ ತಕರಾರಿಲ್ಲ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರೂ ಸಲೀಸು. ತಾಪತ್ರಯವೆಲ್ಲ ಹೂವಿನ ಹಡಗಲಿಯದು. ನಡುವೆ ಖಾಲಿ ಜಾಗ ಇದೆಯಲ್ಲ! ಫೈಲು ಅಳಿಸುವ ಲಿನಕ್ಸಿನ ‘ಆರ್‌ಎಂ’ ಆಜ್ಞೆಯ ಮುಂದೆ ಈ ಹೆಸರಿನ ಫೈಲನ್ನು ಹಾಗೇ ಬರೆದಿರೋ, ಶೆಲ್ ಅದನ್ನು ‘ಹೂವಿನ’ ಒಂದು, ‘ಹಡಗಲಿ’ ಇನ್ನೊಂದು ಎಂದು ಸೀಳುತ್ತದೆ. ಆ ಹೆಸರುಗಳ ಬೇರೆ ಫೈಲುಗಳಿದ್ದರೆ ಅವುಗಳ ಕಥೆ ಮುಗಿಯಿತು. ಮಲ್ಲಿಗೆಗೆ ಹೆಸರಾದ ಊರಿಗೆ ಹೂವೇ ಇಲ್ಲ!

ಕೊಟೇಶನ್ ಹಾಕಿದರೆ ಬಚಾವು. ಅದರಲ್ಲೂ ಜಾತಿಭೇದ: ಜೋಡಿ ಕೊಟೇಶನ್ನಿನೊಳಗೆ ಡಾಲರ್ ಗುರುತು ಕಂಡರೆ ಶೆಲ್ ಅದರ ಪಕ್ಕದ ಹೆಸರಿನ ಬೆಲೆ ಹುಡುಕುತ್ತದೆ, ಒಂಟಿಯೊಳಗೆ ತೆಪ್ಪಗಿರುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿಗೋ ಒಂಟಿ ಕೊಟೇಶನ್ ಲೆಕ್ಕಕ್ಕೇ ಇಲ್ಲ. ಪೈಥಾನ್ ಬರೆಯುವವರೇ, ಶೆಲ್ಲಿನ ಗೊಡವೆ ಬಿಟ್ಟು ಹೆಸರುಗಳನ್ನು ಪಟ್ಟಿಯಾಗಿಯೇ ಸಬ್‌ಪ್ರೊಸೆಸ್‌ಗೆ ಕೊಡಿ.